ಬಿಲ್ಲಿನಲ್ಲಿ ಐದು ಪರ್ಸೆಂಟ್ ಹಿಡಿದ ಮೇಲೂ ಟಿಪ್ಸ್ ಕೊಡಬೇಕಾ?

ಪ್ರಶ್ನೆ: ವಿಜಯಪುರದಲ್ಲಿ ಮನೆಮಂದಿಯೆಲ್ಲ ಊಟಕ್ಕೆ ಹೋಗಿದ್ದೆವು. ಬಿಲ್ಲಿನಲ್ಲೇ ಸರ್ವಿಸ್‌ಗೆ ಅಂತ ಐದು ಪರ್ಸೆಂಟ್ ಹಿಡಿದಿದ್ದರು. ಸಪ್ಲೈಯರ್‌ಗೆ ಮತ್ತೆ ಬೇರೆ ಕೊಡಬೇಕಾ? ಕೊಟ್ಟರೆ ಎಷ್ಟು?

ಉತ್ತರ: ಕೊಡಲೇಬೇಕು ಅಂತ ಕಾನೂನಿಲ್ಲ. ಚೆನ್ನಾಗಿ ನೋಡಿಕೊಂಡರೆ ಕೊಡಿ, ಇಲ್ಲದಿದ್ದರೆ ಬಿಡಿ. ಆದರೆ ಆ ಐದು ಪರ್ಸೆಂಟ್ ಸಪ್ಲೈಯರ್‌ಗೆ ಸೇರುತ್ತದೆ ಅನ್ನುವುದು ಮಾತ್ರ ತಪ್ಪು ತಿಳಿವಳಿಕೆ. ಎಷ್ಟು ಸಲ ಬರೆದರೂ ಇದೇ ಮತ್ತೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಬಿಲ್ಲಿನ ಕೆಳಗೆ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಅಂತ ಎರಡು ಸಾಲು ಇರುತ್ತವಲ್ಲ, ಅದು ತೆರಿಗೆ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬಡಿಸಿದವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. 2017ರ ಜೂನ್‌ವರೆಗೆ ಏಸಿ ಹೋಟೆಲುಗಳ ಬಿಲ್ಲಿನಲ್ಲಿ ‘ಸರ್ವಿಸ್ ಟ್ಯಾಕ್ಸ್’ ಅಂತ ಬರುತ್ತಿತ್ತು. ಅದೂ ಸರ್ಕಾರಕ್ಕೇ ಹೋಗುತ್ತಿತ್ತು. ಜಿಎಸ್‌ಟಿ ಬಂದು ಆ ಸಾಲು ಹೋಯಿತು, ತಪ್ಪು ತಿಳಿವಳಿಕೆ ಉಳಿಯಿತು.

‘ಸರ್ವಿಸ್ ಚಾರ್ಜ್’ ಬೇರೆ. ಅದು ಹೋಟೆಲಿನವರೇ ಹಾಕುವ ದುಡ್ಡು, ಹೋಗುವುದು ಮಾಲೀಕರ ಕೈಗೆ. ಹುಡುಗರಿಗೆ ಹಂಚುತ್ತಾರೋ ಇಲ್ಲವೋ, ಅವರಿಗೇ ಬಿಟ್ಟದ್ದು. ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಕಿದ್ದರೆ ತೆಗೆಸಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಾಗೇ, ಕಾಂಪೋಸಿಷನ್ ಸ್ಕೀಮಿನಲ್ಲಿರುವ, ಅಂದರೆ ತಮ್ಮ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಖಾನಾವಳಿಗಳು ಗಿರಾಕಿಯಿಂದ ಜಿಎಸ್‌ಟಿಯನ್ನೇ ವಸೂಲಿ ಮಾಡುವಂತಿಲ್ಲ. ಬಿಲ್ ಓದಿ, ಸುಮ್ನೆ ದುಡ್ಡು ಎಣಿಸಬೇಡಿ.

ಇನ್ನು ಸರ್ವಿಸ್ ಅಳೆಯುವುದು. ಪಲ್ಯದಲ್ಲಿ ಉಪ್ಪು ಜಾಸ್ತಿಯಾದರೆ ಅದು ಅಡುಗೆಯವರ ತಪ್ಪು, ಸಪ್ಲೈಯರ್‌ದಲ್ಲ. ರೊಟ್ಟಿ ತಡವಾದರೂ ಅಷ್ಟೇ. ಆ ಸಿಟ್ಟನ್ನು ಟಿಪ್ಸ್ ಮೇಲೆ ತೀರಿಸಬೇಡಿ. ಕೈಯಲ್ಲಿದ್ದ ರೊಟ್ಟಿ ಮುಗಿಯುವ ಹೊತ್ತಿಗೆ ಇನ್ನೊಂದು ಬಿಸಿ ರೊಟ್ಟಿ ತಂದು ತಾಟಿನ ಅಂಚಿಗೆ ಇಟ್ಟರಾ? ಶೇಂಗಾ ಚಟ್ನಿ ಖಾಲಿಯಾದದ್ದನ್ನು ನೀವು ಕರೆಯುವ ಮೊದಲೇ ನೋಡಿದರಾ? ‘ಎಣ್ಣೆಗಾಯಿ ಮುಂಜಾನೇದೈತ್ರಿ, ಬ್ಯಾರೆ ತಗೋರಿ’ ಅಂತ ಮೊದಲೇ ಹೇಳಿದರಾ? ಹೀಗೆ ಹೇಳುವವನಿಗೆ ನಾನು ಕೈ ಬಿಚ್ಚಿಯೇ ಕೊಡುತ್ತೇನೆ.

ಎಷ್ಟು ಅಂದರೆ, ಖಾನಾವಳಿಯಲ್ಲಿ ಹತ್ತಿಪ್ಪತ್ತು ರೂಪಾಯಿ, ಫ್ಯಾಮಿಲಿ ಹೋಟೆಲಿನಲ್ಲಿ ಐನೂರರ ಬಿಲ್ಲಿಗೆ ಮೂವತ್ತರಿಂದ ಐವತ್ತು. ಇದು ನನ್ನ ಲೆಕ್ಕ. ನೋಟಿನಲ್ಲೇ ಕೊಡಿ, ಕೈಗೇ ಕೊಡಿ. ಗಲ್ಲಾದ ಕ್ಯೂಆರ್ ಕೋಡಿಗೆ ಬಿಲ್ಲಿಗಿಂತ ಜಾಸ್ತಿ ಹಾಕಿದರೆ ಅದು ಮಾಲೀಕರ ಖಾತೆಗೆ ಹೋಗುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆ ನನ್ನದು. ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಅಕ್ಕಂದಿರಿಗೆ? ನಾವು ಹೊಗಳುವುದು ಅವರ ರೊಟ್ಟಿಯನ್ನೇ ಅಲ್ವಾ? ಟೇಬಲ್ಲಿನ ಟಿಪ್ಸ್ ಅವರವರೆಗೆ ಹೋಗುವುದು ಕಡಿಮೆ. ಗಲ್ಲಾದಲ್ಲಿ ಒಂದು ಮಾತು ಕೇಳಿ ಒಳಗೆ ಹೋಗಿ, ‘ಅಕ್ಕಾರ, ರೊಟ್ಟಿ ಭಾಳ ಛಲೋ ಆಗಿದ್ವರಿ’ ಅಂತ ಹೇಳಿ ಅವರ ಕೈಗೇ ಕೊಡಿ. ಕೈಯೆಲ್ಲ ಹಿಟ್ಟಾಗಿದ್ದರೆ ಪಕ್ಕದಲ್ಲಿ ಇಟ್ಟು ಬನ್ನಿ.