ಪದ ಪರಿಚಯ: ವಯಸ್ಕ ಮತಾಧಿಕಾರ

ಮತದಾನ ಅಂದರೆ ವೋಟು ಹಾಕುವ ಕೆಲಸ. ಮತಾಧಿಕಾರ ಅಂದರೆ ವೋಟು ಹಾಕುವ ಹಕ್ಕು. ಮಾತಿನಲ್ಲಿ ಎರಡನ್ನೂ ಒಂದೇ ಅನ್ನುವಂತೆ ಬಳಸುತ್ತೇವೆ, ಅದೇನೂ ದೊಡ್ಡ ತಪ್ಪಲ್ಲ. ಆದರೆ ಮುಂದೆ ಸೇರುವ ‘ವಯಸ್ಕ’ ಅನ್ನೋ ಪದ ಇದೆಯಲ್ಲ, ಹೆಣ್ಣುಮಕ್ಕಳಿಗೆ ಮುಖ್ಯವಾದದ್ದು ಅದೇ. ವಯಸ್ಸಿಗೆ ಬಂದಿದ್ದರೆ ಸಾಕು, ಆಸ್ತಿ ಎಷ್ಟು, ಓದು ಎಷ್ಟು ಅಂತ ಕೇಳುವಂತಿಲ್ಲ.

ಮೊದಲು ಕೇಳುತ್ತಿದ್ದರು. ನಮ್ಮ ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1917ರಲ್ಲಿ ಸರೋಜಿನಿ ನಾಯ್ಡು ಮತ್ತು ಜೊತೆಯವರು ಮದ್ರಾಸಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗುವನ್ನು ಕಂಡು ಹೆಣ್ಣುಮಕ್ಕಳಿಗೂ ವೋಟು ಬೇಕು ಅಂದರು. ಆಮೇಲೆ ಯಾರಿಗೆಲ್ಲ ವೋಟು ಕೊಡಬೇಕು ಅಂತ ನೋಡಲು ಬಂದ ಬ್ರಿಟಿಷರ ಸೌತ್‌ಬರೋ ಸಮಿತಿ, ಅದಕ್ಕಿನ್ನೂ ಕಾಲ ಬಂದಿಲ್ಲ ಅಂದುಬಿಟ್ಟಿತು. ಮುಂಬೈಯ ಹೇರಾಬಾಯಿ ಟಾಟಾ ಸುಮ್ನೆ ಕೂರಲಿಲ್ಲ, 1919ರಲ್ಲಿ ಮಗಳು ಮಿಠನ್ ಜೊತೆ ಲಂಡನ್ನಿಗೇ ಹೋಗಿ ವಾದಿಸಿದರು. ಬ್ರಿಟಿಷರು ತೀರ್ಮಾನವನ್ನು ಪ್ರಾಂತ್ಯಗಳ ಮೇಲೆ ಬಿಟ್ಟರು. 1921ರಲ್ಲಿ ಮದ್ರಾಸ್ ಒಪ್ಪಿತು, ಮುಂಬೈಯೂ ಒಪ್ಪಿತು. ಇಷ್ಟೆಲ್ಲ ಆದಮೇಲೂ ‘ನಮ್ಮಲ್ಲಿ ಹೆಣ್ಣುಮಕ್ಕಳಿಗೆ ವೋಟು ಪುಕ್ಕಟೆ ಸಿಕ್ತು’ ಅಂತ ಯಾರಾದರೂ ಅಂದರೆ ನನಗೆ ನಿಜವಾಗಲೂ ಬೇಸರ ಆಗುತ್ತದೆ.

ಆದರೆ ಆ ವೋಟು ಆಸ್ತಿ, ಕಂದಾಯ ನೋಡಿ ಕೊಡುವ ವೋಟು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಣ್ಣುಮಗಳ ಹೆಸರು ಎಷ್ಟು ಮನೆಗಳಲ್ಲಿ ಇದ್ದೀತು? 1935ರ ಕಾಯ್ದೆ ಓದುಬರಹ ಬಂದವರನ್ನೂ ಆಸ್ತಿವಂತರ ಹೆಂಡಂದಿರನ್ನೂ ಸೇರಿಸಿತು. ಅಂದರೆ ಗಂಡನ ಆಸ್ತಿಯ ಲೆಕ್ಕದಲ್ಲಿ ಹೆಂಡತಿಗೆ ವೋಟು. ಕೂಲಿ ಮಾಡುವವಳು ಹೊರಗೇ ಉಳಿದಳು. ಈ ಬಾಗಿಲನ್ನು ಪೂರ್ತಿ ತೆಗೆದದ್ದು ನಮ್ಮ ಸಂವಿಧಾನದ 326ನೇ ವಿಧಿ. ಆಗ 21 ವರ್ಷ ತುಂಬಿರಬೇಕಿತ್ತು, 1989ರಿಂದ 18.

ಕಾನೂನು ಬಂದರೂ ಪಟ್ಟಿಯಲ್ಲಿ ಹೆಸರು ಬರಬೇಕಲ್ವಾ? 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಬಿಹಾರ, ರಾಜಸ್ಥಾನದಂಥ ಕಡೆ ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಹಾಗೆ ಬರೆದರೆ ನಡೆಯುವುದಿಲ್ಲ, ಅವರದ್ದೇ ಹೆಸರು ಬೇಕು ಅಂತ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಆ ಲೆಕ್ಕ ಓದಿದಾಗ ಸಂಕಟ ಆಯಿತು. ಆದರೂ ಸೇನ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ಮುಂದಿನ ಸಲಕ್ಕೆ ಹೆಸರು ಹೇಳಲೇಬೇಕಾಯಿತು.

ನಮ್ಮ ಕಡೆಯೂ ಹೆಸರಿನ ವಿಷಯ ಸೂಕ್ಷ್ಮವೇ. ಬೈಲಹೊಂಗಲದ ನಮ್ಮ ಆಯಿ ಅಜ್ಜನ ಹೆಸರನ್ನು ಒಡಪು ಕಟ್ಟಿ ಹೇಳುತ್ತಿದ್ದಳೇ ಹೊರತು ಹಾಗೇ ಎಂದೂ ಹೇಳಿದವಳಲ್ಲ. ವೋಟರ್ ಲಿಸ್ಟಿನವರು ಮನೆಗೆ ಬಂದು ‘ಗಂಡನ ಹೆಸರೇನ್ರೀ’ ಅಂತ ಶುರು ಮಾಡಿದರೆ ಕಟ್ಟೆಯ ಮೇಲೆ ಕೂತ ಅಜ್ಜನ ಕಡೆ ಕೈ ತೋರಿಸಿ, ‘ಅದನ್ನ ಅವರನ್ನ ಕೇಳ್ರಿ, ಮೊದಲ ನನ್ನ ಹೆಸರ ಬರಕೋರಿ’ ಅನ್ನುತ್ತಿದ್ದಳು.