ಹಿಂಬದಿ ಗಾಜಿನ ಮಬ್ಬು: ದೋಷ ಹುಡುಕುವುದು, ಸರಿಪಡಿಸುವುದು

ಕೊಡಗಿನ ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಯಲ್ಲಿ ಭಾಗಮಂಡಲದಿಂದ ಮಡಿಕೇರಿಗೆ ಹೊರಟ ಕಾರು. ಒಳಗೆ ನಾಲ್ಕು ಜನ, ಕಾಲಬುಡದಲ್ಲಿ ನೆನೆದ ಕೊಡೆಗಳು, ನೀರು ಹೀರಿದ ಮ್ಯಾಟು. ಹೊರಗೆ 18 ಡಿಗ್ರಿ, ಒಳಗೆ 25. ಒಂದು ಘನ ಮೀಟರ್ ಗಾಳಿ 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 18 ಡಿಗ್ರಿಗೆ ಇಳಿದರೆ 15 ಗ್ರಾಂ ಮಾತ್ರ. ಉಸಿರಿನಿಂದ, ಒದ್ದೆ ಬಟ್ಟೆಯಿಂದ ಆವಿ ತುಂಬಿಕೊಂಡ ಗಾಳಿ ತಣ್ಣನೆಯ ಗಾಜಿಗೆ ತಾಗಿದಾಗ ಹೆಚ್ಚಾದ ಆವಿಯೆಲ್ಲ ಸಣ್ಣ ಹನಿಗಳಾಗಿ ಅಲ್ಲೇ ಕೂರುತ್ತದೆ. ಮುಂದಿನ ಗಾಜಿಗಾದರೆ ಎಸಿಯ ಒಣಗಾಳಿ ಬೀಸಬಹುದು. ಆ ಗಾಳಿ ಹಿಂಬದಿಯ ಗಾಜಿನವರೆಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕಾಗಿಯೇ ಅಲ್ಲಿ ಕಂದು ಬಣ್ಣದ ತೆಳು ಗೆರೆಗಳಿರುವುದು. ಮಬ್ಬು ಕಳೆಯುವ ಈ ಏರ್ಪಾಡೇ ಡಿಫಾಗರ್. ಗಾಜನ್ನು ಕೆಲವೇ ಡಿಗ್ರಿ ಬಿಸಿ ಮಾಡಿದರೂ ಸಾಕು, ಹನಿಗಳು ಮತ್ತೆ ಆವಿಯಾಗುತ್ತವೆ.

ಈ ಗೆರೆಗಳು ತಂತಿಗಳಲ್ಲ. ಬೆಳ್ಳಿಯ ಪುಡಿ, ಗಾಜಿನ ಪುಡಿ ಬೆರೆಸಿದ ಲೇಪವನ್ನು ಗಾಜಿನ ಒಳಮೈ ಮೇಲೆ ಅಚ್ಚೊತ್ತಿ ಸುಟ್ಟು ಕೂರಿಸಿರುತ್ತಾರೆ. ಎಡಬಲದ ಅಂಚಿನಲ್ಲಿ ಎರಡು ಅಗಲವಾದ ಪಟ್ಟಿಗಳು, ನಡುವೆ ಏಣಿಯ ಮೆಟ್ಟಿಲಿನಂತೆ ಗೆರೆಗಳು. ಒಂದು ಪಟ್ಟಿಗೆ ಬ್ಯಾಟರಿಯ ಪಾಸಿಟಿವ್, ಇನ್ನೊಂದಕ್ಕೆ ಅರ್ಥಿಂಗ್, ಅಂದರೆ ಕಾರಿನ ಬಾಡಿಯ ಲೋಹ. ಸಣ್ಣ ಕಾರಿನಲ್ಲಿ ಎಲ್ಲ ಗೆರೆಗಳೂ ಸೇರಿ 10ರಿಂದ 15 ಆಂಪಿಯರ್ ಕರೆಂಟು ಎಳೆಯುತ್ತವೆ, ದೊಡ್ಡ ಗಾಜಿನಲ್ಲಿ ಇನ್ನೂ ಹೆಚ್ಚು. ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚು ನೇರವಾಗಿ ಹೊರಲಾರದು. ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್–ಆಫ್ ಮಾಡುವ ಸ್ವಿಚ್ಚು) ಮತ್ತು ಫ್ಯೂಸ್ ಇರುತ್ತವೆ. ಬಹಳಷ್ಟು ಕಾರುಗಳಲ್ಲಿ ಹತ್ತಿಪ್ಪತ್ತು ನಿಮಿಷವಾದ ಮೇಲೆ ಡಿಫಾಗರ್ ತಾನಾಗಿಯೇ ಆಫ್ ಆಗುತ್ತದೆ. ಅದು ದೋಷವಲ್ಲ, ಬ್ಯಾಟರಿ ಉಳಿಸಲು ಮಾಡಿದ ಏರ್ಪಾಡು.

ದೋಷ ಹುಡುಕಲು ಮೊದಲು ಬೇಕಾದದ್ದು ಮೀಟರಲ್ಲ, ಮಂಜು. ಕೊಡಗಿನಲ್ಲಿ ಅದಕ್ಕೇನೂ ಬರವಿಲ್ಲ. ಬೆಳಿಗ್ಗೆ ಗಾಜು ಮಸುಕಾಗಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿ, ಡಿಫಾಗರ್ ಹಾಕಿ, ಐದು ನಿಮಿಷ ಒಳಗಿನಿಂದ ನೋಡುತ್ತ ಕೂರಿ. ಉಳಿದೆಲ್ಲ ಕಡೆ ಮಬ್ಬು ಹರಿದು ಒಂದೇ ಒಂದು ಅಡ್ಡಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಉಳಿದರೆ ಆ ಗೆರೆ ಎಲ್ಲೋ ತುಂಡಾಗಿದೆ. ಎಲ್ಲ ಕಡೆಯೂ ಮಬ್ಬು ಹರಿಯುತ್ತಿದೆ, ಆದರೆ ತೀರಾ ನಿಧಾನ ಎಂದಾದರೆ ವೋಲ್ಟೇಜು ದಾರಿಯಲ್ಲೇ ಸೋರುತ್ತಿದೆ. ಏನೂ ಬದಲಾಗದಿದ್ದರೆ ಕರೆಂಟೇ ಹರಿಯುತ್ತಿಲ್ಲ. ಕೆಲವು ಗಾಜುಗಳ ಮೇಲ್ಭಾಗದಲ್ಲಿರುವ ಒಂದೆರಡು ಗೆರೆಗಳು ರೇಡಿಯೋ ಆಂಟೆನಾದವು. ಅವು ಬಿಸಿಯಾಗುವುದೇ ಇಲ್ಲ, ಅವುಗಳ ಹಿಂದೆ ಬೀಳಬೇಡಿ.

ಏನೂ ಆಗದ ಕಾರಿನಲ್ಲಿ ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದ್ದನ್ನೇ ಹಾಕಬೇಕು. 20ರ ಜಾಗಕ್ಕೆ 30 ಹಾಕಿದರೆ ಫ್ಯೂಸಿನ ಬದಲು ವೈರು ಸುಡುತ್ತದೆ. ಫ್ಯೂಸ್ ಸರಿಯಿದ್ದರೆ ಸ್ವಿಚ್ ಒತ್ತಿದಾಗ ರಿಲೇ ‘ಟಕ್’ ಎನ್ನುತ್ತದೆಯೇ ಎಂದು ಕಿವಿಗೊಡಿ. ಅನಂತರ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ತಾಗಿಸಿ, ಕೆಂಪು ಕಡ್ಡಿಯಿಂದ ಅಂಚಿನ ಎರಡೂ ಪಟ್ಟಿಗಳನ್ನು ಅಳೆಯಿರಿ. ಒಂದರಲ್ಲಿ 13–14 ವೋಲ್ಟ್, ಇನ್ನೊಂದರಲ್ಲಿ ಸೊನ್ನೆಯ ಆಸುಪಾಸು ಬರಬೇಕು. ಎರಡರಲ್ಲೂ ಸೊನ್ನೆ ಬಂದರೆ ಪಾಸಿಟಿವ್ ಕಡೆಯ ದಾರಿ ಎಲ್ಲೋ ಕಡಿದಿದೆ. ಎರಡರಲ್ಲೂ 14 ಬಂದರೆ ಗಾಜು ಚೆನ್ನಾಗಿಯೇ ಇದೆ, ಅರ್ಥಿಂಗ್ ಬಿಟ್ಟಿದೆ. ಎಷ್ಟೋ ಮಂದಿ ಇಲ್ಲೇ ಎಡವಿ ಗಾಜಿಗೆ ಆರ್ಡರ್ ಕೊಡುತ್ತಾರೆ. ಹೋದದ್ದು ಅರ್ಥಿಂಗ್ ವೈರನ್ನು ಬಾಡಿಗೆ ಬಿಗಿದಿರುವ, ತುಕ್ಕು ಹಿಡಿದ ಒಂದು ಸ್ಕ್ರೂ ಅಷ್ಟೆ. ಅದನ್ನು ಬಿಚ್ಚಿ, ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿಮಾಡಿ, ಮೇಲೆ ತೆಳುವಾಗಿ ಗ್ರೀಸ್ ಸವರಿದರೆ ಕೆಲಸ ಮುಗಿಯಿತು.

ನಿಧಾನವಾಗಿ ಬಿಸಿಯಾಗುವ ಗಾಜಿನ ಹಿಂದೆಯೂ ಸಾಮಾನ್ಯವಾಗಿ ಇಂಥದ್ದೇ ಕಾರಣವಿರುತ್ತದೆ. ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಹಾಗಾಗಿ 14ರ ಬದಲು 11 ವೋಲ್ಟ್ ತಲುಪಿದರೆ ಶಾಖ ಶೇ. 62ಕ್ಕೆ ಕುಸಿಯುತ್ತದೆ. ಡಿಫಾಗರ್ ಉರಿಯುತ್ತಿರುವಾಗಲೇ ಎರಡು ಪಟ್ಟಿಗಳ ನಡುವೆ ಅಳೆದರೆ ಇದು ಗೊತ್ತಾಗುತ್ತದೆ. ಕರೆಂಟು ಅಳೆಯುವ ಆಸೆಗೆ ಮಾತ್ರ ಬೀಳಬೇಡಿ. ಸಾಧಾರಣ ಮಲ್ಟಿಮೀಟರ್ 10 ಆಂಪಿಯರಿಗಿಂತ ಹೆಚ್ಚು ತಡೆಯುವುದಿಲ್ಲ.

ಹಿಂಬಾಗಿಲು ಮೇಲಕ್ಕೆ ತೆರೆಯುವ ಕಾರುಗಳಲ್ಲಿ ಕೀಲಿನ ಬಳಿಯ ರಬ್ಬರ್ ಕೊಳವೆಯನ್ನು ತಪ್ಪದೇ ನೋಡಬೇಕು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದರೊಳಗಿನ ವೈರು ಬಗ್ಗಿ ಬಗ್ಗಿ, ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಇಲಿ ಕಡಿದಿರುವುದೂ ಉಂಟು. ಕಡಿದ ತುದಿಗಳನ್ನು ಹೊಸೆದು ಟೇಪು ಸುತ್ತುವುದು ಬೇಡ. ಅಷ್ಟೇ ದಪ್ಪದ ಹಲವು ಎಳೆಗಳ ಹೊಸ ವೈರು ಸೇರಿಸಿ, ಬೆಸುಗೆ (ಸೋಲ್ಡರ್) ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ. ಜೋಡಣೆ ಬಗ್ಗುವ ಜಾಗದಿಂದ ಆಚೆ ಬರಲಿ.

ಇನ್ನು ತುಂಡಾದ ಗೆರೆ. ಮೀಟರಿನ ಕೆಂಪು ಕಡ್ಡಿಯ ಮೊನೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿಕೊಳ್ಳಿ, ಆಗ ಗೆರೆಗೆ ಗೀರು ಬೀಳುವುದಿಲ್ಲ. ಡಿಫಾಗರ್ ಹಾಕಿ ಗೆರೆಯ ನಟ್ಟನಡುವೆ ಒತ್ತಿದರೆ 6–7 ವೋಲ್ಟ್ ತೋರಿಸಬೇಕು. ಸೊನ್ನೆ ತೋರಿಸಿದರೆ ಪಾಸಿಟಿವ್ ಕಡೆಯ ಅರ್ಧದಲ್ಲಿ, 13–14 ತೋರಿಸಿದರೆ ಅರ್ಥಿಂಗ್ ಕಡೆಯ ಅರ್ಧದಲ್ಲಿ ಗೆರೆ ತುಂಡಾಗಿದೆ. ಆ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ಹೋಗಿ. ವೋಲ್ಟೇಜು ಒಮ್ಮೆಲೇ ಜಿಗಿಯುವ ಜಾಗವೇ ಬಿರುಕು. ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಮೀಟರಿಗೆ ತಪ್ಪುವುದಿಲ್ಲ. ಹೊರಗಿನಿಂದ ಮಾರ್ಕರಿನಲ್ಲಿ ಗುರುತು ಹಾಕಿ.

ದುರಸ್ತಿಗೆ ಬೇಕಾದದ್ದು ಡಿಫಾಗರ್ ಗೆರೆಗೆಂದೇ ಬರುವ ಬೆಳ್ಳಿಯ ಪೇಂಟು. ಸ್ವಿಚ್ ಆಫ್ ಮಾಡಿ, ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಆ ಜಾಗದ ಜಿಡ್ಡು ತೆಗೆಯಿರಿ. ಗೆರೆಯ ಮೇಲೂ ಕೆಳಗೂ ಟೇಪು ಅಂಟಿಸಿ, ಗೆರೆಯಷ್ಟೇ ಅಗಲದ ಸಂದು ಬಿಡಿ. ಬೆಳ್ಳಿ ತಳದಲ್ಲಿ ಕೂತಿರುವುದರಿಂದ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು. ಕುಲುಕದೆ ಬಳಿದರೆ ಬರೀ ಅಂಟು ಬಳಿದಂತೆ. ಬಿರುಕಿನ ಎರಡೂ ಬದಿಯ ಹಳೆಯ ಗೆರೆಯ ಮೇಲೆ 5–6 ಮಿಲಿಮೀಟರ್ ಹತ್ತುವಂತೆ, ಹತ್ತು ಹದಿನೈದು ನಿಮಿಷ ಬಿಟ್ಟು ಎರಡು ಮೂರು ಸಲ ಬಳಿಯಿರಿ. ಪೇಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ನಿಧಾನವಾಗಿ ಎಳೆದು ತೆಗೆಯಿರಿ. ಆಮೇಲೆ 24 ಗಂಟೆ ಮುಟ್ಟಬಾರದು. ಮಳೆಗಾಲದ ಥಂಡಿಯಲ್ಲಿ ಇದು ಬೇಗ ಒಣಗುವುದಿಲ್ಲ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯನ್ನು ಒಂದಡಿ ದೂರದಿಂದ ಆಗಾಗ ಹಾಯಿಸಿ. ಒಂದೆರಡು ಸೆಂಟಿಮೀಟರಿನ ತುಂಡಿಗೆ ಈ ವಿಧಾನ ನಂಬಿಕೆಗೆ ಯೋಗ್ಯ. ಅದಕ್ಕಿಂತ ಉದ್ದವಾದಷ್ಟೂ ಆ ಜಾಗ ಬೇಗ ಕೈಕೊಡುತ್ತದೆ.

ಅಂಚಿನ ಪಟ್ಟಿಯಿಂದ ಕನೆಕ್ಟರ್ ಕಿತ್ತು ಬಂದಿದ್ದರೆ ಪೇಂಟು ಸಾಲದು. ಸಾಧಾರಣ ಬೆಸುಗೆಯ ತವರ ಗಾಜಿನ ಮೇಲಿನ ಬೆಳ್ಳಿಯನ್ನು ಕರಗಿಸಿ ತನ್ನೊಳಗೆ ಎಳೆದುಕೊಳ್ಳುತ್ತದೆ, ಶೇ. 2ರಷ್ಟು ಬೆಳ್ಳಿ ಬೆರೆತ ಬೆಸುಗೆ ಬೇಕು. ತಣ್ಣನೆಯ ಗಾಜಿಗೆ ಏಕಾಏಕಿ ಕಾದ ಸೋಲ್ಡರಿಂಗ್ ಐರನ್ ಇಟ್ಟರೆ ಗಾಜು ಪುಡಿಯಾಗುವ ಅಪಾಯವಿದೆ. ಮೊದಲು ಡ್ರೈಯರಿನಿಂದ ಬೆಚ್ಚಗೆ ಮಾಡಿ, ಬೆಸುಗೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಕೈ ಪಳಗಿಲ್ಲದವರಿಗೆ ಎರಡು ಭಾಗ ಬೆರೆಸಿ ಹಚ್ಚುವ ಬೆಳ್ಳಿಯ ಎಪಾಕ್ಸಿ ಅಂಟೇ ಮೇಲು. ಫೆವಿಕ್ವಿಕ್‌ನಂಥ ಅಂಟಿನಲ್ಲಿ ಕರೆಂಟು ಹರಿಯುವುದಿಲ್ಲ.

ಗೆರೆಗಳ ದೊಡ್ಡ ಶತ್ರು ಬ್ಲೇಡು. ಹಳೆಯ ಸನ್ ಫಿಲ್ಮನ್ನು ಕೆರೆದು ತೆಗೆಯುವಾಗ ಬೆಳ್ಳಿಯೂ ಎದ್ದು ಬರುತ್ತದೆ. ಫಿಲ್ಮಿಗೆ ಆವಿ ಹಿಡಿದು ಅಂಟು ಮೆತ್ತಗಾದ ಮೇಲೆ ಗೆರೆಗಳ ಉದ್ದಕ್ಕೇ ಎಳೆಯಬೇಕು, ಅಡ್ಡಡ್ಡ ಅಲ್ಲ. ಡಿಕ್ಕಿಯಲ್ಲಿ ಕಾಫಿ ಚೀಲ ಒಟ್ಟುವಾಗ ಗೋಣಿ ಗಾಜಿಗೆ ಉಜ್ಜದಂತೆ ನಡುವೆ ಹಳೆಯ ಕಂಬಳಿ ಇಡಿ. ಏಳೆಂಟು ಗೆರೆಗಳೇ ಕಿತ್ತುಹೋಗಿದ್ದರೆ ಮಾತ್ರ ಗಾಜು ಬದಲಿಸುವ ಮಾತು. ಆಗಲೂ ಹೊಸ ಗಾಜಿನಲ್ಲಿ ಗೆರೆಗಳಿವೆಯೇ, ಎರಡೂ ಅಂಚಿನಲ್ಲಿ ಕನೆಕ್ಟರ್ ಇದೆಯೇ ಎಂದು ಕೂರಿಸುವ ಮೊದಲೇ ನೋಡಿಕೊಳ್ಳಿ. ಕಡಿಮೆ ಬೆಲೆಯ ಮಾದರಿಗೆ ಬರುವ, ಅಳತೆಯಲ್ಲಿ ಒಂದೇ ಆದ ಗಾಜಿನಲ್ಲಿ ಇವು ಇರದೆಯೂ ಹೋಗಬಹುದು.