ಕ್ಯಾಮ್ ಹಾಕ್ಸಿದ್ಮೇಲೆ ಗಾಡಿ ಟ್ರಾಫಿಕ್‌ನಲ್ಲಿ ಜರ್ಕ್ ಹೊಡಿಯುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ನನ್ನ ಹತ್ರ ಹಳೇ ಮಾರುತಿ ಎಸ್ಟೀಮ್ ಇದೆ, 1.3 ಎಂಪಿಎಫ್‌ಐ. ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವ್‌ಗಳನ್ನ ತೆರೆಯೋ ಶಾಫ್ಟ್) ಹಾಕ್ಸಿದೀನಿ. 4000 ಆರ್‌ಪಿಎಂ ದಾಟಿದ್ಮೇಲೆ ಸಕತ್ತಾಗಿ ಎಳಿಯುತ್ತೆ, ಆದ್ರೆ ಐಡ್ಲಿಂಗ್ ನಿಲ್ಲಲ್ಲ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ, ಸೆಕೆಂಡ್ ಗೇರ್‌ನಲ್ಲಿ ನಿಧಾನಕ್ಕೆ ಹೋದ್ರೆ ಜರ್ಕ್. ವಾಪಸ್ ಸ್ಟಾಕ್ ಕ್ಯಾಮ್ ಹಾಕ್ಸಿಬಿಡ್ಲಾ?

ಉತ್ತರ: ಈಗ್ಲೇ ತೆಗೆಸ್ಬೇಡಿ. ಈ ಥರ ಗಾಡಿಗಳಲ್ಲಿ ಬಹಳ ಸಲ ಕ್ಯಾಮ್‌ದೇನೂ ತಪ್ಪಿರಲ್ಲ, ಕೆಲಸ ಅರ್ಧಕ್ಕೆ ನಿಂತಿರುತ್ತೆ ಅಷ್ಟೇ. ಡೈನೋ (ಪವರ್ ಅಳೆಯೋ ಮಷಿನ್) ಮೇಲೆ ಹತ್ಸಿ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಪವರ್ ಬಂತು ಅಂತ ನೋಡಿ, ಪ್ರಿಂಟ್ ತೆಗ್ದು ಕೈಗೆ ಕೊಟ್ಟು ಕಳಿಸ್ತಾರೆ, ಆದ್ರೆ ನಾವು ದಿನಾ ಓಡ್ಸೋದು 1500ರಿಂದ 3000 ಆರ್‌ಪಿಎಂ ಮಧ್ಯೆ, ಆಕ್ಸಿಲರೇಟರ್ ಮೇಲೆ ಸುಮ್ನೆ ಕಾಲಿಟ್ಕೊಂಡು. ಆ ಜಾಗನ ಯಾರೂ ಮುಟ್ಟೇ ಇರಲ್ಲ.

ಮೊದ್ಲು ಕೆಳಗಿನ ಆರ್‌ಪಿಎಂನಲ್ಲಿ ಯಾಕೆ ಸತ್ತಂಗಾಗುತ್ತೆ ಅಂತ ಗೊತ್ತಾಗ್ಬೇಕು. ಪರ್ಫಾರ್ಮೆನ್ಸ್ ಕ್ಯಾಮ್ ವಾಲ್ವ್‌ಗಳನ್ನ ಜಾಸ್ತಿ ಹೊತ್ತು ತೆರೆದಿಡುತ್ತೆ. ಇಂಟೇಕ್ ಮತ್ತೆ ಎಕ್ಸಾಸ್ಟ್ ಎರಡಕ್ಕೂ 272 ಡಿಗ್ರಿ ಡ್ಯುರೇಷನ್ (ವಾಲ್ವ್ ತೆರ್ಕೊಂಡಿರೋ ಹೊತ್ತು, ಕ್ರ್ಯಾಂಕ್ ತಿರುಗೋ ಡಿಗ್ರಿಯಲ್ಲಿ), ಲೋಬ್ ಸೆಪರೇಷನ್ (ಇಂಟೇಕ್, ಎಕ್ಸಾಸ್ಟ್ ಲೋಬ್‌ಗಳ ತುದಿಗಳ ನಡುವಿನ ಕೋನ) 110 ಡಿಗ್ರಿ ಇರೋ ಕ್ಯಾಮ್‌ನ ಉದಾಹರಣೆಗೆ ತಗೊಳ್ಳಿ. ಎರಡು ವಾಲ್ವೂ ಒಟ್ಟಿಗೆ ತೆರ್ಕೊಂಡಿರೋ ಓವರ್‌ಲ್ಯಾಪ್ 52 ಡಿಗ್ರಿ ಬರುತ್ತೆ. ಅದೇ ಡ್ಯುರೇಷನ್‌ಗೆ ಸೆಪರೇಷನ್ 114 ಇದ್ರೆ 44ಕ್ಕೆ ಇಳಿಯುತ್ತೆ, ಐಡ್ಲಿಂಗ್ ಎಷ್ಟೋ ಸಮಾಧಾನ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಇರುತ್ತಲ್ಲ, ಓವರ್‌ಲ್ಯಾಪ್ ಹೊತ್ತಲ್ಲಿ ಅದು ಸುಟ್ಟ ಗ್ಯಾಸನ್ನ ಇಂಟೇಕ್ ಕಡೆ ಎಳ್ಕೊಳ್ಳುತ್ತೆ, ಹೊಸ ಮಿಕ್ಸ್ಚರ್ ಜೊತೆ ಆ ಹೊಗೆಯೂ ಸೇರಿ ಸರಿಯಾಗಿ ಉರಿಯಲ್ಲ. ಒಂದು ಸಲ ಉರಿಯುತ್ತೆ, ಇನ್ನೊಂದು ಸಲ ಮಿಸ್ ಹೊಡಿಯುತ್ತೆ, ಅದಕ್ಕೇ ಆ ನಡುಕ. ಇನ್ನೊಂದು ಕಡೆ ಇಂಟೇಕ್ ವಾಲ್ವ್ ಲೇಟಾಗಿ ಮುಚ್ಚೋದ್ರಿಂದ ಪಿಸ್ಟನ್ ಮೇಲೆ ಬರ್ತಾ ಒಳಗೆ ಬಂದಿದ್ದನ್ನೇ ವಾಪಸ್ ಮ್ಯಾನಿಫೋಲ್ಡ್‌ಗೆ ತಳ್ಳುತ್ತೆ, ಕಂಪ್ರೆಷನ್ ಬೀಳುತ್ತೆ, ಪಿಕಪ್ ಹೋಗುತ್ತೆ.

ಲ್ಯಾಪ್‌ಟಾಪ್ ತೆಗ್ಯೋಕ್ ಮುಂಚೆ ಸ್ಪ್ಯಾನರ್ ತೆಗೀರಿ. ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ತುದಿಯಲ್ಲಿ ಬಿಡೋ ಸಣ್ಣ ಗ್ಯಾಪ್) ಆ ಕ್ಯಾಮ್ ಜೊತೆ ಬಂದಿರೋ ಕಾರ್ಡ್‌ನಲ್ಲಿರೋ ಅಳತೆಗೇ ಇರ್ಬೇಕು, ಸ್ಟಾಕ್ ಅಳತೆಗೆ ಅಲ್ಲ. ಟೈಟಾಗಿ ಇಟ್ಟಿದ್ರೆ ವಾಲ್ವ್ ಇನ್ನೂ ಜಾಸ್ತಿ ಹೊತ್ತು ತೆರ್ಕೊಂಡಿರುತ್ತೆ, ಐಡಲ್ ಇನ್ನೂ ಕೆಡುತ್ತೆ. ಆಮೇಲೆ ಕ್ಯಾಮ್ ಟೈಮಿಂಗ್. ಪುಲ್ಲಿ ಮಾರ್ಕ್‌ಗೆ ಮಾರ್ಕ್ ಕೂಡಿಸಿದ್ರೆ ಸಾಕು ಅನ್ಕೋಬೇಡಿ, ಡಿಗ್ರಿ ವೀಲ್ ಮತ್ತೆ ಡಯಲ್ ಗೇಜ್ ಇಟ್ಟು ಅಳತೆ ಮಾಡಿಸಿ. ಹೆಡ್ ಫೇಸಿಂಗ್ (ಹೆಡ್ ಅಡಿಭಾಗ ತೇಯ್ದು ಸಪಾಟು ಮಾಡೋದು) ಮಾಡಿಸಿದ್ರಂತೂ ಖಂಡಿತ ಅಳತೆ ಮಾಡಿಸ್ಬೇಕು, ಯಾಕಂದ್ರೆ ಹೆಡ್ ಸ್ವಲ್ಪ ಕೆಳಗಿಳಿದಿರೋದ್ರಿಂದ ಬೆಲ್ಟ್ ಟೆನ್ಷನರ್ ಆ ಸಡಿಲನ ಎಳ್ಕೊಂಡು ಕ್ಯಾಮ್ ರಿಟಾರ್ಡ್ ಆಗಿರುತ್ತೆ, ಅಂದ್ರೆ ಹಿಂದೆ ಬಿದ್ದಿರುತ್ತೆ. ಎಸ್ಟೀಮ್‌ನಲ್ಲಿ ಇರೋದು ಒಂದೇ ಕ್ಯಾಮ್, ಹಾಗಾಗಿ ಲೋಬ್ ಸೆಪರೇಷನ್ ಬದಲಾಯಿಸೋಕೆ ಆಗಲ್ಲ, ಆದ್ರೆ ಅಡ್ಜಸ್ಟಬಲ್ ಪುಲ್ಲಿ ಹಾಕಿ ಇಡೀ ಕ್ಯಾಮ್‌ನ ಮುಂದಕ್ಕೆ ತರ್ಬೋದು. ಪುಲ್ಲಿಯಲ್ಲಿ 2 ಡಿಗ್ರಿ ಅಂದ್ರೆ ಕ್ರ್ಯಾಂಕ್‌ನಲ್ಲಿ 4. ಮೇಲಿನ ಉದಾಹರಣೆಯಲ್ಲಿ ಇಂಟೇಕ್ ವಾಲ್ವ್ ಪಿಸ್ಟನ್ ಕೆಳಗೆ ಮುಟ್ಟಿ 66 ಡಿಗ್ರಿ ಆದ್ಮೇಲೆ ಮುಚ್ತಾ ಇದ್ರೆ ಈಗ 62ಕ್ಕೆ ಮುಚ್ಚುತ್ತೆ. ಕೇಳೋಕೆ ಸಣ್ಣದು, ಆದ್ರೆ 2000 ಆರ್‌ಪಿಎಂನಲ್ಲಿ ಕಾಲಿಗೇ ಗೊತ್ತಾಗುತ್ತೆ. ಅಡ್ವಾನ್ಸ್ ಮಾಡಿದ್ರೆ ಇಂಟೇಕ್ ವಾಲ್ವ್ ಪಿಸ್ಟನ್‌ಗೆ ಹತ್ರ ಬರುತ್ತೆ, ಆ ಗ್ಯಾಪ್ ನೋಡದೆ ಸ್ಟಾರ್ಟ್ ಮಾಡೋಕೆ ಬಿಡ್ಲೇಬೇಡಿ.

ಈಗ ಮ್ಯಾಪಿಂಗ್, ಅಂದ್ರೆ ಪೆಟ್ರೋಲ್ ಮತ್ತೆ ಇಗ್ನಿಷನ್ ಲೆಕ್ಕ ಹೊಂದಿಸೋದು. ಗಾಡಿ ಸ್ಮೂತ್ ಆಗೋದು ಇಲ್ಲೇ. ಈ ಎಂಜಿನ್ ಎಷ್ಟು ಗಾಳಿ ಬಂತು ಅಂತ ನೇರವಾಗಿ ಅಳೆಯಲ್ಲ, ಮ್ಯಾನಿಫೋಲ್ಡ್ ಪ್ರೆಷರ್ ನೋಡಿ ಲೆಕ್ಕ ಹಾಕುತ್ತೆ. ಹೊಸ ಕ್ಯಾಮ್‌ನಿಂದ ಐಡಲ್ ವ್ಯಾಕ್ಯೂಮ್ ಕಮ್ಮಿಯಾಗಿದೆ, ಅದನ್ನ ನೋಡಿ ಇಸಿಯು (ಎಂಜಿನ್ ಕಂಪ್ಯೂಟರ್) ಏನೋ ಲೋಡ್ ಬಿತ್ತು ಅನ್ಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತೆ. ಅದ್ರ ಮೇಲೆ ಆಕ್ಸಿಜನ್ ಸೆನ್ಸರ್ ಬೇರೆ. ಮಿಸ್ ಹೊಡೆದಾಗ ಉರಿಯದೇ ಇರೋ ಗಾಳಿ, ಓವರ್‌ಲ್ಯಾಪ್‌ನಲ್ಲಿ ನೇರ ಹೊರಗೆ ಹೋದ ಗಾಳಿ ಎಲ್ಲಾ ಸೈಲೆನ್ಸರ್ ಪೈಪ್‌ಗೇ ಬರೋದ್ರಿಂದ ಆ ಸೆನ್ಸರ್ ಲೀನ್ (ಪೆಟ್ರೋಲ್ ಕಮ್ಮಿ) ಅನ್ನುತ್ತೆ, ಇಸಿಯು ಇನ್ನೂ ಪೆಟ್ರೋಲ್ ಸುರಿಯುತ್ತೆ, ಪ್ಲಗ್ ಬಿಚ್ಚಿ ನೋಡಿದ್ರೆ ಕಪ್ಪು ಮಸಿ. ವೈಡ್‌ಬ್ಯಾಂಡ್ ಮೀಟರ್ (ಗಾಳಿ-ಪೆಟ್ರೋಲ್ ಪ್ರಮಾಣ ತೋರ್ಸೋದು) ಹಾಕಿದ್ರೂ ಐಡಲ್‌ನಲ್ಲಿ ಅದು ತೋರ್ಸೋ ನಂಬರನ್ನ ಕಣ್ಮುಚ್ಚಿ ನಂಬ್ಬೇಡಿ, ಎಂಜಿನ್ ಸದ್ದು ಮತ್ತೆ ವ್ಯಾಕ್ಯೂಮ್ ಗೇಜ್ ನೋಡ್ಕೊಂಡು ಮಾಡ್ಬೇಕು, ಮುಳ್ಳು ಎಲ್ಲಿ ಎತ್ತರಕ್ಕೆ ಹೋಗಿ ಅಲ್ಲಾಡದೆ ನಿಲ್ಲುತ್ತೋ ಅದೇ ಸರಿಯಾದ ಜಾಗ. ಕಂಪನಿ ಇಸಿಯುನಲ್ಲಿ ಇದನ್ನೆಲ್ಲಾ ಮಾಡೋದು ಕಷ್ಟ, ಪಿಗ್ಗಿಬ್ಯಾಕ್ (ಕಂಪನಿ ಇಸಿಯು ಜೊತೆಗೆ ಕೂರೋ ಬಾಕ್ಸ್) ಅಥವಾ ಸ್ಟ್ಯಾಂಡಲೋನ್ (ಪೂರ್ತಿ ಬೇರೆ ಇಸಿಯು) ಬೇಕಾಗುತ್ತೆ. ಅದ್ರಲ್ಲಿ ಐಡಲ್ ಹೊತ್ತಲ್ಲಿ ಆಕ್ಸಿಜನ್ ಸೆನ್ಸರ್ ಮಾತು ಕೇಳದಂಗೆ ಓಪನ್ ಲೂಪ್ ಮಾಡಿಸಿ, ಐಡಲ್‌ನ 950-1000ಕ್ಕೆ ಏರಿಸಿ. ಹೊಗೆ ಬೆರೆತ ಮಿಕ್ಸ್ಚರ್ ನಿಧಾನಕ್ಕೆ ಉರಿಯೋದ್ರಿಂದ ಇಗ್ನಿಷನ್ ಸ್ವಲ್ಪ ಮುಂದೆ ಬೇಕು, 15ರಿಂದ 20 ಡಿಗ್ರಿವರೆಗೂ ಕೇಳ್ಬೋದು. ಆರ್‌ಪಿಎಂ ಬಿದ್ರೆ ಎರಡು-ಮೂರು ಡಿಗ್ರಿ ಹೆಚ್ಚು, ಏರಿದ್ರೆ ಅಷ್ಟೇ ಕಮ್ಮಿ ಅಂತ ಇಟ್ರೆ ಎಂಜಿನ್ ತಾನಾಗೇ ಸಂಭಾಳಿಸ್ಕೊಳ್ಳುತ್ತೆ.

ಸೆಕೆಂಡ್ ಗೇರ್ ಜರ್ಕ್‌ಗೆ ಮದ್ದು ಬೇರೆ. ಇಗ್ನಿಷನ್ ಟೇಬಲ್‌ನಲ್ಲಿ ಪಕ್ಕಪಕ್ಕದ ಮನೆಗಳ ನಡುವೆ ಏಳೆಂಟು ಡಿಗ್ರಿ ವ್ಯತ್ಯಾಸ ಇದ್ರೆ ಪ್ರೆಷರ್ ಸಿಗ್ನಲ್ ಚೂರು ಅಲ್ಲಾಡಿದ್ರೂ ಟೈಮಿಂಗ್ ಹಾರಾಡುತ್ತೆ, ಗಾಡಿ ಹಿಂದೆ ಮುಂದೆ ಕುಣಿಯುತ್ತೆ. ಆ ಜಾಗನ ಸಪಾಟು ಮಾಡಿಸಿ, ಒಂದೆರಡು ಡಿಗ್ರಿ ಕಮ್ಮಿನೇ ಇರ್ಲಿ. ಕಾಲು ತೆಗ್ದಾಗ ಪೆಟ್ರೋಲ್ ಕಟ್ ಆಗೋದನ್ನ ಇನ್ನೂ ಮೇಲಿನ ಆರ್‌ಪಿಎಂಗೆ ಸರಿಸಿದ್ರೆ ಟ್ರಾಫಿಕ್‌ನಲ್ಲಿ ಕಾಲಿಟ್ಟು ತೆಗ್ದಾಗ ಆಗೋ ಗುದ್ದೂ ನಿಲ್ಲುತ್ತೆ. ಈ ಕೆಲಸ ಡೈನೋಗಿಂತ ರೋಡ್ ಮೇಲೆ ಚೆನ್ನಾಗಾಗುತ್ತೆ, ಒಬ್ರು ಓಡಿಸ್ಬೇಕು, ಪಕ್ಕದಲ್ಲಿ ಟ್ಯೂನರ್ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ಬೇಕು. ಈಗ ಬಂಕ್‌ನಲ್ಲಿ ಸಿಗೋದು ಇ20 (20% ಎಥನಾಲ್ ಬೆರೆತ ಪೆಟ್ರೋಲ್), ಅದಕ್ಕೆ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಅನ್ನೋ ಹಳೇ ಲೆಕ್ಕ ನಡಿಯಲ್ಲ, ಸರಿಯಾದ ಅಂಕಿ 13.5ರ ಆಸುಪಾಸು, ಹಾಗಾಗಿ ಲ್ಯಾಂಬ್ಡಾದಲ್ಲೇ (ಯಾವ ಪೆಟ್ರೋಲ್ ಆದ್ರೂ ಸರಿಯಾದ ಪ್ರಮಾಣ ಅಂದ್ರೆ 1) ಮಾತಾಡೋಕೆ ಹೇಳಿ.

ಇನ್ನೊಂದು ಮಾತು, ದಯವಿಟ್ಟು ಬ್ರೇಕ್ ನೋಡಿ. ಬ್ರೇಕ್ ಬೂಸ್ಟರ್ ಕೆಲಸ ಮಾಡೋದು ಇದೇ ವ್ಯಾಕ್ಯೂಮ್‌ನಿಂದ. ಐಡಲ್‌ನಲ್ಲಿ ಎರಡು-ಮೂರು ಸಲ ಒತ್ತಿದ್ಮೇಲೆ ಪೆಡಲ್ ಗಟ್ಟಿಯಾಗ್ತಾ ಇದ್ರೆ ಅದು ಸರಿ ಹೋಗೋವರೆಗೂ ಘಾಟಿ ರೋಡ್‌ಗೆ ಹೋಗ್ಬೇಡಿ. ಇದೆಲ್ಲಾ ಮಾಡಿಸಿದ್ಮೇಲೂ ಐಡಲ್‌ನಲ್ಲಿ ವ್ಯಾಕ್ಯೂಮ್ ಗೇಜ್ 10 ಇಂಚು (ಪಾದರಸದ ಲೆಕ್ಕ) ದಾಟಲ್ಲ, ಪಿಯುಸಿಯಲ್ಲಿ ಹೈಡ್ರೋಕಾರ್ಬನ್ ಇಳಿಯಲ್ಲ ಅಂದ್ರೆ ಮಾತ್ರ ಆ ಕ್ಯಾಮ್ ನಿಮ್ಮ ದಿನದ ಓಡಾಟಕ್ಕೆ ದೊಡ್ಡದಾಯ್ತು ಅಂತ ಅರ್ಥ, ಆಗ ಹತ್ತು-ಹದಿನೈದು ಡಿಗ್ರಿ ಕಮ್ಮಿ ಡ್ಯುರೇಷನ್ ಇರೋದನ್ನ ಹಾಕ್ಸಿ, ಸ್ಟಾಕ್‌ಗೆ ವಾಪಸ್ ಹೋಗೋ ಅವಶ್ಯಕತೆ ಇಲ್ಲ.